ಮೊದಲ ಸ್ಥಾನಕ್ಕೇರಿದ ಹಾಡು

ಲಾಸ್ ಏಂಜಲೀಸ್, ಮಾರ್ಚ್ 1984

ಪ್ರೀತಿಯ ಡೋರೀನ್ ಆಂಟಿ,

ನಿಮ್ಮ ಅಡುಗೆಮನೆಯಲ್ಲಿ ಸಿಂಥಸೈಜರ್ ಇಟ್ಟುಕೊಂಡು ನಿಮ್ಮ ಮಗ ನೆವಿಲ್ ಮತ್ತು ನಾನು ಕಟ್ಟಿದ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದೆ. ಆದರೆ ನೆವಿಲ್ ಹಾಸಿಗೆ ಹಿಡಿದಿದ್ದಾನೆ. ಊಟ ಬಿಟ್ಟಿದ್ದಾನೆ, ದಿನವಿಡೀ ಅಳುತ್ತಾನೆ, ಕಿಟಕಿಯ ಪರದೆ ಸರಿಸಲೂ ಬಿಡುವುದಿಲ್ಲ.

ನಿನ್ನೆ ನಮ್ಮ ಮ್ಯಾನೇಜರ್ ಬಂದು, "ಇವತ್ತೊಂದಿನ ಹಾಡ್ಬಿಡ್ಲಿ, ಆಮೇಲೆ ಎಷ್ಟು ಬೇಕಾದ್ರೂ ಅಳ್ಲಿ" ಎಂದ. ನೆವಿಲ್ ಎದ್ದು ಅಂಗಿ ತೊಟ್ಟ. ಒಂದು ಗುಂಡಿ ಹಾಕಿಕೊಂಡು ಮತ್ತೆ ಬಿಚ್ಚಿದ. "ನನ್ ಕೈಲಾಗಲ್ಲ ಕಣೋ ಇಯಾನ್" ಎಂದು ನೆಲದ ಮೇಲೆ ಕುಳಿತುಬಿಟ್ಟ.

ಬೇರೆ ಗಾಯಕನನ್ನು ಕರೆಸುವ ಮಾತು ಬಂತು. ನಾನು ಒಪ್ಪಲಿಲ್ಲ, ಈ ಪ್ರವಾಸದ ಉಳಿದ ಕಾರ್ಯಕ್ರಮಗಳೆಲ್ಲ ರದ್ದಾದವು.

ಮನಸ್ಸು ತೀರಾ ದಣಿದಿದೆ ಎಂದು ಡಾಕ್ಟರು ಎರಡು ವಾರ ವಿಶ್ರಾಂತಿ ಹೇಳಿದ್ದಾರೆ. ಆಮೇಲೆ ಅವನನ್ನು ಊರಿಗೆ, ಬ್ರಾಡ್‌ಫರ್ಡಿಗೆ ಕರೆತರುತ್ತೇನೆ. ಬೀದಿಯವರು ಕಟ್ಟಿದ್ದಾರೆಂದು ನೀವು ಬರೆದಿದ್ದ ಸ್ವಾಗತದ ಬ್ಯಾನರನ್ನು ಅಷ್ಟರೊಳಗೆ ದಯವಿಟ್ಟು ಬಿಚ್ಚಿಸಿಬಿಡಿ.

ನಿಮ್ಮ,
ಇಯಾನ್