ಕೆಂಪು ಗೆರೆಯ ಶಬ್ದ

ಕುಲಗೋಡ
22 ಆಗಸ್ಟ್ 2025

ಸಿಟ್ಟು ಮಾಡಿಕೊಂಡು ಹುಕ್ಕೇರಿಯ ತವರಿನಲ್ಲಿ ಕುಳಿತಿರುವ ಶೋಭಾಳಿಗೆ ಸೋಮಶೇಖರನ ಶರಣು.

ಸಿಕ್ಕವು. ಮೊದಲು ಇದನ್ನೇ ಬರೆಯುತ್ತೇನೆ, ಯಾಕೆಂದರೆ ನೀನು ಒಂದು ಸಾಲು ಓದಿ ಕಾಗದ ಮಡಚಿಡುವವಳು. ನೀನು ಕೂಡಿಟ್ಟ ಶಬ್ದಗಳೆಲ್ಲ ಸಿಕ್ಕವು ಶೋಭಾ. ಕುಳಿತು ಎಣಿಸಿದೆ, ಎರಡು ಸಾವಿರದ ಮುನ್ನೂರ ಹದಿನಾಲ್ಕು. ಹನ್ನೊಂದು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಅವ್ವ ನಾಳೆ ಬೆಳಿಗ್ಗೆ ಗೋಕಾಕದ ಬಸ್ಸು ಹತ್ತಿ ಅಲ್ಲಿಂದ ಹುಕ್ಕೇರಿಗೆ ಬರುತ್ತಾಳೆ. ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ನಾನು ಮಾಡಿದ್ದು ಏನು ಎಂಬುದು ಅಂದು ನೀನು ಕೂಗಾಡುವಾಗ ನನಗೆ ಅರ್ಧವೂ ತಿಳಿದಿರಲಿಲ್ಲ. ಈಗ ತಿಳಿದಿದೆ. ಸಾಲಿ ಹುಡುಗನಂತೆ ಒಪ್ಪಿಸುತ್ತೇನೆ, ಸರಿಯಿದೆಯೋ ನೋಡು. ಆರು ವರ್ಷದಿಂದ ನೀನು ನಮ್ಮ ಮನೆಯ ಮುಂದಿನ ಕೋಣೆಯ ಅಂಗಡಿಯಲ್ಲಿ ಊರವರ ಅರ್ಜಿ ಟೈಪ್ ಮಾಡುತ್ತಿದ್ದೀಯ. ಮರೆವ್ವ, ಸತ್ತೆವ್ವನಂಥ ಮುದುಕಿಯರು ಹೇಳಿದ್ದನ್ನು ಮೊದಲು ಹೇಳಿದ ಹಾಗೆಯೇ ಬರೆದುಕೊಳ್ಳುತ್ತೀಯ. ಅವರ ಮಾತಿಗೆಲ್ಲ ಬ್ರೌಸರ್ ತಪ್ಪು ಎಂದು ಅಡಿಯಲ್ಲಿ ಕೆಂಪು ಗೆರೆ ಎಳೆಯುತ್ತಿತ್ತು. ಸಂಜೆಗೆ ಚಂಜಿ ಎಂದರೆ ಕೆಂಪು, ಕೆಲಸಕ್ಕೆ ಹ್ವಾರೆ ಎಂದರೆ ಕೆಂಪು. ನೀನು ಒಂದೊಂದರ ಮೇಲೂ ಮೌಸಿನ ಬಲಗುಂಡಿ ಒತ್ತಿ, ‘ನಿಘಂಟಿಗೆ ಸೇರಿಸು’ ಎಂದು ಹೇಳಿ ಗೆರೆ ಅಳಿಸುತ್ತಾ ಬಂದೆ. ಅವುಗಳಲ್ಲಿ ಅರ್ಧಕ್ಕರ್ಧ ನಮ್ಮ ಅವ್ವನ ಬಾಯಿಂದಲೇ ಬಂದವು. ಈ ತಿಂಗಳ ಕೊನೆಯೊಳಗೆ ಪಟ್ಟಿ ಕಳಿಸಿದರೆ ನಿನ್ನ ಹೆಸರಿನಲ್ಲಿ ಪುಸ್ತಕ ಮಾಡುತ್ತೇವೆ ಎಂದು ಧಾರವಾಡದ ಪ್ರಕಾಶಕರು ಹೇಳಿದರು. ಪಟ್ಟಿ ಆ ಬ್ರೌಸರಿನ ಹೊಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಸರಿಯಾಗಿ ಆ ಹೊತ್ತಿಗೇ ನಾನು ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ತೊಳೆದು, ಅದನ್ನು ನಡೆಸುವ ವ್ಯವಸ್ಥೆಯನ್ನೇ ಬದಲಿಸಿ ಹೊಸ ಲಿನಕ್ಸ್ ಹಾಕಿದೆ.

ಹಳೆಯ ಕಂಪ್ಯೂಟರ್ ತೆವಳುತ್ತಿತ್ತು, ಅದು ಖರೆ. ಎಲ್ಲರೂ ಹಾಕುವ ಲಿನಕ್ಸ್ ಹಾಕಿದ್ದರೆ ಮೂಡಲಗಿಯಲ್ಲಿ ಯಾರಾದರೂ ದಾರಿ ಹೇಳುತ್ತಿದ್ದರು. ಆದರೆ ಎಲ್ಲರಂತೆ ಮಾಡಿದರೆ ನನಗೆ ಸಮಾಧಾನವೆಲ್ಲಿ? ಯಾವುದೋ ವಿಡಿಯೋ ನೋಡಿ, ಹತ್ತು-ಹನ್ನೆರಡು ಮಂದಿ ಹವ್ಯಾಸಕ್ಕೆಂದು ನಡೆಸುವ ‘ಪೆಬಲ್’ ಎಂಬುದನ್ನು ತಂದು ಹಾಕಿದೆ. ಸುಟ್ಟ ಮೋಟಾರು ಬಿಚ್ಚಿ ತಂತಿ ಸುತ್ತಿ ಓಡಿಸುವವನಿಗೆ ಇದ್ಯಾವ ಲೆಕ್ಕ ಎಂಬ ಸೊಕ್ಕು. ಕಂಪ್ಯೂಟರ್ ಏನೋ ಓಡತೊಡಗಿತು. ನೀನೂ ಓಡಿದೆ, ಹುಕ್ಕೇರಿಗೆ.

ನೀನು ಹೋದ ದಿನ ಅವ್ವ ರೊಟ್ಟಿ ಬಡಿಸುತ್ತಾ ಒಂದೇ ಮಾತು ಆಡಿದಳು. ‘ನೀ ಅಕಿ ಕೆಲಸ ಅಷ್ಟ ಅಳಿಸಿಲ್ಲಪಾ, ನನ್ನ ಬಾಯಿನೂ ಅಳಿಸಿದಿ’ ಎಂದಳು. ಮರುದಿನದಿಂದ ಮೂಡಲಗಿಯ ನನ್ನ ಮೋಟಾರು ರಿಪೇರಿ ಅಂಗಡಿಗೆ ಬೀಗ ಹಾಕಿ ಈ ಕಂಪ್ಯೂಟರಿನ ಮುಂದೆ ಕುಳಿತೆ. ಮಮದಾಪುರದ ಯಲ್ಲಪ್ಪನ ಮೋಟಾರು ಬಿಚ್ಚಿದ್ದು ಬಿಚ್ಚಿದಂತೆಯೇ ಬಿದ್ದಿದೆ, ಅವನು ದಿನಾ ಫೋನ್ ಮಾಡಿ ಬೈಯುತ್ತಾನೆ.

ಅಳಿಸುವ ಮೊದಲು ನಿನ್ನ ಹೆಸರಿನ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಿಟ್ಟಿದ್ದೆ. ತೆರೆದರೆ ಬರೀ ಫೋಟೋ, ನಾಲ್ಕು ಅರ್ಜಿ. ಕೊನೆಗೆ ಪೆಬಲ್‌ನವರು ಮಾತಾಡಿಕೊಳ್ಳುವ ಪುಟದಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಯಾವ ದೇಶದ ಪುಣ್ಯಾತ್ಮನೋ, ಎರಡೇ ಸಾಲು ಬರೆದ. ಚುಕ್ಕೆಯಿಂದ ಶುರುವಾಗುವ ಹೆಸರಿನ ಫೋಲ್ಡರುಗಳು ಕಣ್ಣಿಗೆ ಕಾಣುವುದಿಲ್ಲ, ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿ ನೋಡು ಎಂದ. ಒತ್ತಿದೆ. ಖಾಲಿ ಇದ್ದ ಜಾಗದಲ್ಲಿ ಸಾಲಾಗಿ ಎದ್ದು ನಿಂತವು, ಅವುಗಳ ನಡುವೆ ನಿನ್ನ ಬ್ರೌಸರಿನ ಫೋಲ್ಡರ್ ಕೂಡ. ನಾನು ಕೂಗಿದ್ದಕ್ಕೆ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಇದ್ದದ್ದು ಇಲ್ಲೇ ಇತ್ತು, ಮೇಲೆ ಕಾಣುತ್ತಿರಲಿಲ್ಲ, ತೆಗೆಯಲು ಗುಟ್ಟು ಗೊತ್ತಿರಬೇಕು ಎಂದು ನಾನು ವಿವರಿಸುತ್ತಾ ಹೋದೆ. ‘ಅಷ್ಟುದ್ದ ಯಾಕ ಹೇಳ್ತಿ, ಹಗೇವು ಅನ್ನ. ಜ್ವಾಳ ನೆಲದಾಗ ಇರತೈತಿ, ಮ್ಯಾಲ ಅಡ್ಡಾಡವರಿಗೆ ಗೊತ್ತಾಗಂಗಿಲ್ಲ’ ಎಂದು ಹೇಳಿ ಒಳಗೆ ಹೋದಳು.

ಅಲ್ಲಿಗೂ ಮುಗಿಯಲಿಲ್ಲ. ಪೆಬಲ್‌ನವರು ತಂತ್ರಾಂಶಗಳನ್ನು ಕೂಡಿಟ್ಟಿರುವ ಭಂಡಾರದಿಂದ ಬ್ರೌಸರ್ ತೆಗೆದು ಹಾಕಿ, ನಿನ್ನ ಫೋಲ್ಡರನ್ನು ಅದರ ಜಾಗದಲ್ಲಿಟ್ಟು ತೆರೆದರೆ ಅದು ಒಲ್ಲೆ ಎಂದಿತು. ನಿನ್ನ ಆ ಫೋಲ್ಡರಿಗೆ ಅದು ಪ್ರೊಫೈಲ್ ಎನ್ನುತ್ತದೆ; ಈ ಪ್ರೊಫೈಲನ್ನು ಹೊಸ ಆವೃತ್ತಿಯಲ್ಲಿ ಬಳಸಲಾಗಿದೆ, ನೀನು ತೆರೆದಿರುವುದು ಹಳೆಯ ಆವೃತ್ತಿ, ಬೇಕಿದ್ದರೆ ಬೇರೆ ಪ್ರೊಫೈಲ್ ಮಾಡಿಕೋ, ಇಲ್ಲವೇ ಹೊರಡು ಎಂದು ಎರಡು ಗುಂಡಿ ಮುಂದಿಟ್ಟಿತು. ನನಗೆ ನಗು ಬಂತು. ನೀನು ಮುಂದೆ ಹೋಗಿದ್ದೀಯ, ನಾನು ಹಳೆಯದರಲ್ಲೇ ಕುಳಿತಿದ್ದೇನೆ ಎಂಬುದು ಯಂತ್ರಕ್ಕೂ ಗೊತ್ತಾಗಿದೆ. ಬೇರೆ ಪ್ರೊಫೈಲ್ ನನಗೆ ಬೇಡವಾಗಿತ್ತು. ಹೊರಗೆ ಬಂದೆ.

ಭಂಡಾರವನ್ನು ಅಪ್‌ಡೇಟ್ ಮಾಡಿದರೂ ಮತ್ತೆ ಅದೇ ಹಳೆಯದು ಬಂತು. ಹತ್ತು ಮಂದಿ ಪಾಪ ಏನೇನು ಅಂತ ಮಾಡಿಯಾರು. ಹಾಗಾಗಿ ಬ್ರೌಸರ್ ಮಾಡುವವರ ತಾಣದಿಂದಲೇ ಹೊಸದನ್ನು ಇಳಿಸಿದೆ. ಮೊದಲ ಸಲ ಇಳಿಸಿದ್ದು ಬೇರೆ ನಮೂನೆಯ ಪ್ರೊಸೆಸರಿನದ್ದು, ನಮ್ಮದರಲ್ಲಿ ಏಳಲೇ ಇಲ್ಲ. ಎರಡನೆಯದರ ಗಂಟು ಬಿಚ್ಚಿ ಒಂದು ಫೋಲ್ಡರಿನಲ್ಲಿಟ್ಟು, ಮೆನುವಿನಲ್ಲಿ ಹೆಸರು ಸೇರಿಸಿದೆ. ಆ ಫೋಲ್ಡರ್ ನನ್ನ ಅಧಿಕಾರದಲ್ಲಿದ್ದರೆ ಅಪ್‌ಡೇಟ್ ಮಾಡಲು ಪ್ರತಿ ಸಲ ನನ್ನ ಪಾಸ್‌ವರ್ಡ್ ಬೇಕಾಗುತ್ತದೆ. ಅದಕ್ಕೇ ನಿನ್ನ ಹೆಸರಿನಲ್ಲಿಟ್ಟಿದ್ದೇನೆ. ಇನ್ನು ಮೇಲೆ ಅದು ನನ್ನನ್ನು ಕೇಳದೆ ತಾನೇ ಅಪ್‌ಡೇಟ್ ಆಗುತ್ತದೆ.

ತೆರೆಯಿತು. ಮೊದಲು ‘ಹಗೇವು’ ಎಂದು ಟೈಪ್ ಮಾಡಿದೆ, ಗೆರೆ ಬರಲಿಲ್ಲ. ‘ಚಂಜಿ’, ಬರಲಿಲ್ಲ. ಅವ್ವ ಬಾಜೂ ಕುಳಿತು ಒಂದೊಂದೇ ಶಬ್ದ ಹೇಳಿದಳು, ನಾನು ಬರೆದೆ, ಪ್ರತಿ ಸಲ ಇಬ್ಬರೂ ಉಸಿರು ಹಿಡಿದು ಪರದೆ ನೋಡಿದೆವು. ಕೆಂಪು ಬರಲೇ ಇಲ್ಲ. ‘ಉಸಾಬರಿ ಅಂತ ಬರಿ, ನೀ ಮಾಡಿದ್ದು ಅದನ’ ಎಂದಳು. ಬರೆದೆ, ಅದೂ ಇತ್ತು. ನಾವಿಬ್ಬರೂ ಹುಚ್ಚರಂತೆ ನಕ್ಕೆವು. ಅವ್ವ ಆಮೇಲೆ ಅತ್ತಳು ಕೂಡ, ನಿನಗೆ ಹೇಳಬೇಡ ಎಂದಿದ್ದಾಳೆ.

ಪೂರ್ತಿ ಪಟ್ಟಿ ಈ ಕಾಗದದ ಜೊತೆಗಿರುವ ಪೆನ್ ಡ್ರೈವಿನಲ್ಲಿದೆ. ತೆರೆದ ಕೂಡಲೇ ಕಾಣುತ್ತದೆ, ಹಗೇವಿನಲ್ಲಿ ಇಟ್ಟಿಲ್ಲ. ಇನ್ನೂ ಒಂಬತ್ತು ದಿನ ಇದೆ, ಹುಕ್ಕೇರಿಯಿಂದಲೇ ಧಾರವಾಡಕ್ಕೆ ಕಳಿಸು. ಇದಕ್ಕಾಗಿ ನೀನು ಕುಲಗೋಡಕ್ಕೆ ಬರಬೇಕಾಗಿಲ್ಲ. ಬಂದರೆ ನನಗೆ ಬಹಳ ಸಂತೋಷವಾಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ನಿನ್ನ ಹಳೆಯ ಆವೃತ್ತಿಯ
ಸೋಮಶೇಖರ

ತಾ.ಕ.: ಕಂಪ್ಯೂಟರ್ ಏನೂ ಕೇಳದೆ ಎಲ್ಲ ಅಳಿಸಿತು ಎಂದು ಅಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಬೇಕಾದದ್ದೆಲ್ಲ ತೆಗೆದಿಟ್ಟುಕೊಂಡಿದ್ದೀಯಾ ಎಂದು ಅದು ಎರಡು ಸಲ ಕೇಳಿತ್ತು. ನೀನು ಹೊರಗೆ ಕಟ್ಟೆಯ ಮೇಲೆಯೇ ಕುಳಿತಿದ್ದೆ. ಎರಡು ಸಲವೂ ನಿನ್ನನ್ನು ಕೇಳದೆ ಹೌದು ಎಂದು ಒತ್ತಿದೆ. ಈ ಕಾಗದವನ್ನೂ ನಿನ್ನ ಬ್ರೌಸರಿನಲ್ಲೇ ಬರೆಯುತ್ತಿದ್ದೇನೆ; ಇದನ್ನು ಹೇಳುವುದಕ್ಕೆಂದು ಈಗ ‘ತಪ್ಪಾತು’ ಎಂದು ಟೈಪ್ ಮಾಡಿದೆ. ಕಂಪ್ಯೂಟರಿನ ಶಬ್ದಗಳನ್ನು ಬಿಟ್ಟರೆ ಇಡೀ ಕಾಗದದಲ್ಲಿ ಅದೊಂದಕ್ಕೇ ಕೆಂಪು ಗೆರೆ ಬಂತು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನನ್ನ ಬಾಯಿಂದ ಆ ಶಬ್ದ ನಿನ್ನ ಕಿವಿಗೆ ಬಿದ್ದಿಲ್ಲ, ನೀನಾದರೂ ಹೇಗೆ ಸೇರಿಸುತ್ತೀಯ. ಆ ಗೆರೆ ಮುದ್ರಣದಲ್ಲಿ ಬರುವುದಿಲ್ಲ, ಅದಕ್ಕೇ ಅದರ ಕೆಳಗೆ ಕೆಂಪು ಪೆನ್ನಿನಿಂದ ನಾನೇ ಎಳೆದಿದ್ದೇನೆ. ಬಲಗುಂಡಿ ಮಾತ್ರ ಒತ್ತಿಲ್ಲ. ನಿಘಂಟು ನಿನ್ನದು, ಸೇರಿಸುವವಳು ನೀನು.