ಸಿಂಗಲ್ ರೂಮ್ ಬೇಡ ಅಪ್ಪಾ

ವಿಜಯ್ ನಗರ, ದೆಹಲಿ
೨ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ದೀಪಾವಳಿ ಮುಗಿಸಿ ಪಿಜಿಗೆ ವಾಪಸ್ ಬಂದವಳು 'ರೀಚ್ಡ್' ಅಂತ ಒಂದು ಮೆಸೇಜ್ ಹಾಕಿ ಸುಮ್ಮನಾಗಿಬಿಟ್ಟೆ. ಬೇಜಾರಾಗಿದ್ದರೆ ಸಾರಿ. ಇಂಟರ್ನಲ್ಸ್ ಟೆನ್ಷನ್ ಒಂದು ಕಾರಣ. ಇನ್ನೊಂದು, ಈ ಪತ್ರವನ್ನು ಬರೆದು ಬರೆದು ಹರಿದು ಹಾಕ್ತಾ ಇದ್ದೆ. ಫೋನಲ್ಲೇ ಹೇಳಬಹುದಿತ್ತಲ್ಲ ಅಂತೀರಿ. ಫೋನಲ್ಲಿ ನೀವು 'ಊಟ ಆಯ್ತಾ?' ಅಂತೀರಿ, ನಾನು 'ಆಯ್ತು' ಅಂತೀನಿ, ಆಮೇಲೆ ಇಬ್ಬರಿಗೂ ಏನೂ ತೋಚದೆ ನೀವು 'ಇರು, ಅಮ್ಮನಿಗೆ ಕೊಡ್ತೀನಿ' ಅಂದುಬಿಡ್ತೀರಿ. ಪತ್ರವನ್ನು ಹಾಗೆ ಅಮ್ಮನ ಕೈಗೆ ದಾಟಿಸೋಕಾಗಲ್ಲ.

ಮೈಸೂರಿನ ಸ್ಕೂಲ್ ಹಾಸ್ಟೆಲಲ್ಲಿ ಭಾನುವಾರ ತಿಂಡಿ ಆದ ಮೇಲೆ ಎಲ್ಲರೂ ಡೈನಿಂಗ್ ಹಾಲಲ್ಲೇ ಕೂತು ಮನೆಗೆ ಬರೀಬೇಕಿತ್ತು, ನೆನಪಿದೆಯಾ? ವಾರ್ಡನ್ ರತ್ನಾ ಮಿಸ್ ಓದಿ ನೋಡಿದ ಮೇಲೇ ಕವರ್ ಅಂಟಿಸೋದು. ಯಾರಾದರೂ 'ತುಂಬಾ ಅಳು ಬರುತ್ತೆ' ಅಂತ ಬರೆದರೆ, 'ಪುಟ್ಟಾ, ಇದನ್ನ ಓದಿ ಅಮ್ಮ ಊಟ ಬಿಟ್ಟರೆ ನಿನಗೆ ಸರೀನಾ?' ಅಂತ ಕೇಳಿ ಹೊಸ ಹಾಳೆ ಕೊಡ್ತಿದ್ದರು. ಕೆಟ್ಟವರಲ್ಲ, ಪಾಪ. ಆದರೆ ಅದಕ್ಕೇ ನನ್ನ ಪತ್ರಗಳೆಲ್ಲ ಒಂದೇ ಥರ ಇರ್ತಿದ್ದವು. ನಾನು ಕ್ಷೇಮ, ನೀವು ಕ್ಷೇಮ, ಬುಧವಾರ ಪೂರಿ ಮಾಡಿದ್ದರು. ಮಿಸ್ ಓದದೆ ಹೋಗ್ತಾ ಇರೋ ನನ್ನ ಮೊದಲ ಪತ್ರ ಇದು.

ನೀವು ಬರೆದ ಉತ್ತರಗಳಿಗೆ ಸಿಗರೇಟ್ ವಾಸನೆ ಇರ್ತಿತ್ತು. ಡಾರ್ಮಿಟರಿಯ ಹುಡುಗಿಯರು ಮೂಗು ಮುಚ್ಚಿಕೊಳ್ಳೋರು. ನಾನು ಮಾತ್ರ ದಿಂಬಿನ ಕೆಳಗೆ ಇಟ್ಟುಕೊಳ್ತಿದ್ದೆ. ಮನೆ ವಾಸನೆ ಅಂದರೆ ಅದೇ ಅಂದುಕೊಂಡಿದ್ದೆ.

ಈಗ ಆ ವಾಸನೆ ಇಲ್ಲ. ಹಬ್ಬಕ್ಕೆ ಬಂದಾಗ ನಿಮ್ಮ ಸ್ವೆಟರ್ ಮೂಸಿ ನೋಡಿದೆ, ಬರೀ ಲವಂಗ. ನನಗೆ ಕಾಲೇಜಲ್ಲಿ ಸೀಟು ಸಿಕ್ಕ ದಿನವೇ ಸಿಗರೇಟ್ ಬಿಟ್ಟಿರಿ ಅಂತ ಅಮ್ಮ ಹೇಳಿದ್ದಳು, ನಾನು ನಂಬಿರಲಿಲ್ಲ. ಬೆಳಗ್ಗೆ ನೀವು ಫ್ಯಾಕ್ಟರಿಗೆ ಹೊರಟಾಗ ಕಣ್ಣಾರೆ ನೋಡಿದೆ. ಬಾಗಿಲ ಹಿಂದೆ ಅಮ್ಮ ತನ್ನ ಕ್ಯೂಆರ್ ಕೋಡ್ ಅಂಟಿಸಿದ್ದಾಳೆ. ಪಾನ್ ಅಂಗಡಿಯ ಭಯ್ಯಾಗೆ ದಿನಾ ಕೊಡ್ತಿದ್ದ ದುಡ್ಡನ್ನು ನೀವು ಶೂ ಹಾಕಿಕೊಂಡು, ಟಿಫಿನ್ ಬಾಕ್ಸ್ ಕಂಕುಳಲ್ಲಿ ಇಟ್ಟುಕೊಂಡು, ತುಂಬಾ ಸೀರಿಯಸ್ಸಾಗಿ ಆ ಬಾಗಿಲಿಗೆ ಸ್ಕ್ಯಾನ್ ಮಾಡ್ತೀರಿ. ಅಡುಗೆಮನೆಯಲ್ಲಿ ಅಮ್ಮನ ಫೋನ್ ಟಿಣ್ ಅನ್ನುತ್ತೆ. ಅವಳು ಅಲ್ಲಿಂದಲೇ 'ಬಂತು, ಹೊರಡಿ' ಅಂತಾಳೆ. ಅದಿತಿ ಹಲ್ಲುಜ್ಜುತ್ತಾ 'ಮಮ್ಮಿ ಕೀ ದುಕಾನ್ ಖುಲ್ ಗಯೀ, ಅಮ್ಮನ ಅಂಗಡಿ ಓಪನ್' ಅಂತ ಕೂಗಿದಾಗ ನೀವು ನಗಲಿಲ್ಲ. ಹಿಂದಿನ ದಿನದ್ದು ಮರೆತಿದ್ದೆ ಅಂತ ಇನ್ನೊಂದು ಸಲ ಸ್ಕ್ಯಾನ್ ಮಾಡಿದಿರಿ.

ಆ ದುಡ್ಡಲ್ಲಿ ಮಿಕ್ಸಿ ಬಂತು, ಅಮ್ಮನ ಹಲ್ಲಿನ ಟ್ರೀಟ್‌ಮೆಂಟ್ ಆಯ್ತು. 'ಇಷ್ಟು ವರ್ಷ ಎಷ್ಟು ಮಿಕ್ಸಿ ಸುಟ್ಟರೋ ನಿಮ್ಮಪ್ಪ' ಅಂತ ಅಮ್ಮ ಬೈದಳು, ಆದರೆ ಮಿಕ್ಸಿ ಒರೆಸೋದು ನೋಡಬೇಕು, ಮಗುವಿಗೆ ಮುಖ ಒರೆಸಿದ ಹಾಗೆ. ನಿಮ್ಮ ಫ್ಯಾಕ್ಟರಿಯ ಬಸವರಾಜ ಅಂಕಲ್ ಸ್ವೀಟ್ ಕೊಡೋಕೆ ಬಂದಾಗ ಅಂದದ್ದು ಕೂಡ ನೆನಪಿದೆ. 'ಏನ್ರೀ ಮುರಳೀಧರ, ನೀವು ಬಿಟ್ಟ ಮೇಲೆ ಟೀ ಬ್ರೇಕಲ್ಲಿ ನಾನೊಬ್ಬನೇ ಗೇಟ್ ಹತ್ರ ನಿಲ್ಲೋದು. ಕನ್ನಡ ಮಾತಾಡೋಕೆ ಜನ ಇಲ್ಲ ಅಂತ ನಾಳೆ ನಾಯಿಗೆ ಕಲಿಸ್ತೀನಿ.' ನೀವು 'ಸೇದದೆ ಬಂದು ನಿಲ್ತೀನಿ ಬಿಡಿ' ಅಂದಿರಿ. ಅವರು 'ಹೊಗೆ ಇಲ್ಲದೆ ನಿಂತ್ರೆ ಜನ, ಸೂಪರ್‌ವೈಸರ್‌ಗಳೇ ಕೆಲಸ ಇಲ್ಲದೆ ನಿಂತಿದಾರೆ ಅಂತಾರೆ' ಅಂದರು. ಅವರು ತಿರುವು ದಾಟೋವರೆಗೂ ನೀವು ಕಿಟಕಿಯಿಂದ ನೋಡ್ತಾ ಇದ್ದಿರಿ. ಸಿಗರೇಟಿನ ಜೊತೆ ಇನ್ನೂ ಏನೇನು ಬಿಟ್ಟಿರಿ ಅಂತ ಆಗ ನನಗೆ ಅನ್ನಿಸಿತು.

ಹೋದ ವಾರ ನೀವು ಫೋನ್ ಮಾಡಿ ಸಿಂಗಲ್ ರೂಮ್ ವಿಷಯ ಹೇಳಿದಾಗ ನಿಮ್ಮ ದನಿ ಬೇರೆ ಥರ ಇತ್ತು. ಹದಿನೈದನೇ ತಾರೀಕು ಅಡ್ವಾನ್ಸ್ ಕೊಡ್ತೀನಿ, ಜನವರಿಯಿಂದ ಕಾಲೇಜಿನ ಪಕ್ಕದಲ್ಲೇ ರೂಮ್, ಏರ್ ಪ್ಯೂರಿಫೈಯರ್ ಇದೆ, ಕಿಟಕಿ ಪಾರ್ಕ್ ಕಡೆಗಿದೆ ಅಂತೆಲ್ಲ. 'ನಿನ್ನ ಉಸಿರಿಗೆ ಒಳ್ಳೇದು ಮಗಳೇ. ಪೂರ್ತಿ ನನ್ನ ಸಿಗರೇಟಿನ ದುಡ್ಡೇ' ಅಂದಿರಿ. ಅಷ್ಟು ಖುಷಿಯಾಗಿ ನೀವು ಫೋನಲ್ಲಿ ಯಾವತ್ತೂ ಮಾತಾಡಿರಲಿಲ್ಲ. ನಾನು 'ಹ್ಞೂಂ' ಅಂದೆ. ನನ್ನ ರೂಮ್‌ಮೇಟ್ ಲಾವಣ್ಯಾ, ದಾವಣಗೆರೆಯವಳು, ಪಕ್ಕದಲ್ಲೇ ಇದ್ದಳು. 'ನಿಮ್ಮಪ್ಪ ಸಿಗರೇಟ್ ಬಿಟ್ಟರು, ನಿನಗೆ ಸಿಂಗಲ್ ರೂಮ್. ನಮ್ಮಪ್ಪನಿಗೆ ಬಿಡೋಕೆ ಒಂದು ಚಟಾನೂ ಇಲ್ಲ, ನನ್ನ ಹಣೆಬರಹ' ಅಂದಳು. ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಇದು ಹಾಸ್ಟೆಲಲ್ಲಿ ಕಲಿತದ್ದು, ನಲ್ಲಿ ಸದ್ದಿಗೆ ಏನೂ ಕೇಳಿಸಲ್ಲ.

ಅಪ್ಪಾ, ಅಡ್ವಾನ್ಸ್ ಕೊಡಬೇಡಿ ಪ್ಲೀಸ್. ಈ ಪಿಜಿಯನ್ನೂ ಡಿಸೆಂಬರಿಗೆ ಬಿಟ್ಟು ಮನೆಗೆ ಬರ್ತೀನಿ. ಫರೀದಾಬಾದಿಂದಲೇ ಕಾಲೇಜಿಗೆ ಹೋಗಿಬರ್ತೀನಿ. ಬಾಟಾ ಚೌಕಲ್ಲಿ ಮೆಟ್ರೋ ಹತ್ತಿದರೆ ಕಶ್ಮೀರಿ ಗೇಟಲ್ಲಿ ಒಂದೇ ಒಂದು ಸಲ ಬದಲಾಯಿಸೋದು. ದೂರ, ಗೊತ್ತು. ನಮ್ಮ ಕ್ಲಾಸಿನ ಹೃಷಿಕೇಶ್ ಇನ್ನೂ ಆಚೆ, ಬಲ್ಲಭಗಢದಿಂದ ಬರ್ತಾನೆ, ನೋಟ್ಸೆಲ್ಲ ಮೆಟ್ರೋದಲ್ಲೇ ಓದಿ ಮುಗಿಸ್ತಾನೆ. ನನ್ನ ಉಸಿರಿನ ಯೋಚನೆ ಬೇಡ. ಇನ್‌ಹೇಲರ್ ಮುಟ್ಟಿ ವರ್ಷಗಳೇ ಆದವು. ಇಲ್ಲಿಯ ಹೊಗೆ ಬೇರೆ, ಅಲ್ಲಿಯದು ಬೇರೆ ಏನಲ್ಲ, ನವೆಂಬರಲ್ಲಿ ಎಲ್ಲ ಕಡೆ ಒಂದೇ. ಪ್ಯೂರಿಫೈಯರ್ ಬೇಕೇಬೇಕು ಅಂದರೆ ಮನೆಗೇ ತನ್ನಿ, ನಾಲ್ಕು ಜನಕ್ಕೂ ಆಗುತ್ತೆ.

ಅದಿತಿಗೆ ಇಷ್ಟ ಆಗಲ್ಲ. ಹಬ್ಬದಲ್ಲಿ ನಾನು ಮಂಚದ ಗೋಡೆ ಕಡೆ ಮಲಗಿದ್ದಕ್ಕೆ 'ಅಕ್ಕಾ, ಅದು ನನ್ನ ಸೈಡ್. ತುಮ್ ಕಬ್ ಜಾ ರಹೀ ಹೋ?' ಅಂತ ಕೇಳಿದಳು. ಮಗು, ಸುಮ್ಮನೆ ಕೇಳಿದ್ದು. ಬೈಬೇಡಿ. ಆ ಮನೆಯಲ್ಲಿ ಎಲ್ಲರೂ ನನ್ನನ್ನು ಕೇಳೋದು ಅದೊಂದೇ ಪ್ರಶ್ನೆ, ಯಾವಾಗ ಹೊರಡ್ತೀಯಾ ಅಂತ, ಅಮ್ಮ ಕೂಡ. ನಾನು ಬಂದ ದಿನವೇ ವಾಪಸ್ ಹೋಗೋಕೆ ಚಕ್ಕುಲಿ ಕಟ್ಟಿಡೋಕೆ ಶುರು ಮಾಡ್ತಾಳೆ. ಒಳ್ಳೆ ಸ್ಟೀಲ್ ತಟ್ಟೆ ನನಗೆ ತೆಗೀತಾಳೆ. ನನಗೂ ಅದಿತಿಯ ಹಾಗೆ ಅಂಚು ಸೊಟ್ಟಗಾದ ತಟ್ಟೆಯಲ್ಲಿ ಉಣ್ಣಬೇಕು ಅಂತ ಆಸೆ.

ನೀವು ಯೋಚಿಸಿ ಹೇಳಿ. ಬೇಡ ಅಂದರೂ ನಾನು ಅರ್ಥ ಮಾಡಿಕೊಳ್ತೀನಿ. ಲವಂಗ ಜಾಸ್ತಿ ಅಗಿಯಬೇಡಿ, ಬಾಯಿ ಹುಣ್ಣಾಗುತ್ತೆ. ಟೀ ಬ್ರೇಕಲ್ಲಿ ಬಸವರಾಜ ಅಂಕಲ್ ಜೊತೆ ಹೋಗಿ ನಿಲ್ಲಿ, ಯಾರು ಏನಂದರೂ ಪರವಾಗಿಲ್ಲ. ಅಮ್ಮನ ಅಂಗಡಿ ಹೀಗೇ ನಡೀಲಿ. ನಿಮಗಿಬ್ಬರಿಗೂ ನಮಸ್ಕಾರ, ಅದಿತಿಗೆ ಮುತ್ತು. ನಿಮ್ಮ ಆಶೀರ್ವಾದ ಇರಲಿ, ಮುಂದಿನ ಸೋಮವಾರ ಸ್ಟ್ಯಾಟಿಸ್ಟಿಕ್ಸ್ ಪೇಪರ್ ಇದೆ.

ನಿಮ್ಮ
ಸಿಂಧೂರ

ಮರೆತಿದ್ದೆ: ಮರೆತಿರಲಿಲ್ಲ ಅಪ್ಪಾ, ಮೇಲೆ ಬರೆಯೋಕೆ ಧೈರ್ಯ ಸಾಲಲಿಲ್ಲ. ನಾಲ್ಕನೇ ಕ್ಲಾಸಿನ ಚಳಿಗಾಲದಲ್ಲಿ ಡಾಕ್ಟರ್ ನನಗೆ ಮಾಸ್ಕ್ ಹಾಕಿ ಮಲಗಿಸಿ, ಪರದೆ ಆಚೆ ನಿಮಗೆ ಹೇಳಿದರಲ್ಲ, ಮನೆಯಲ್ಲಿ ಸಿಗರೇಟ್ ಇರಬೇಕು, ಇಲ್ಲ ಈ ಮಗು ಇರಬೇಕು, ಎರಡೂ ಆಗಲ್ಲ ಅಂತ. ನಾನು ನಿದ್ದೆ ಮಾಡಿರಲಿಲ್ಲ. ಡೆಲ್ಲಿ ಹವಾ ಆಗಿಬರಲ್ಲ, ಅದಕ್ಕೇ ಮೈಸೂರು ಅಂತ ನೀವೆಲ್ಲ ಹೇಳಿದಿರಿ, ನಾನೂ ಎಲ್ಲರಿಗೂ ಹಾಗೇ ಹೇಳ್ಕೊಂಡು ಬಂದೆ. ನೀವು ಆಗ ಬಿಡೋಕೆ ಎಷ್ಟು ಒದ್ದಾಡಿದಿರಿ ಅಂತ ಅಮ್ಮ ಈ ಹಬ್ಬದಲ್ಲಿ ಹೇಳಿದಳು. ಡಿಸೆಂಬರ್ ರಜೆಗೆ ನಾನು ಬಂದಾಗೆಲ್ಲ ನೀವು ಆ ಚಳಿಯಲ್ಲಿ ಶಾಲು ಹೊದ್ದು ಕೆಳಗೆ ಸ್ಕೂಟರ್ ಪಕ್ಕ ನಿಂತು ಸೇದೋದನ್ನು ಬಾಲ್ಕನಿಯಿಂದ ನೋಡ್ತಿದ್ದೆ. ನೀವು ತಲೆ ಎತ್ತಿ, ಒಳಗೆ ಹೋಗು ಅಂತ ಕೈ ಮಾಡೋರು. ಕೋಪ ಇತ್ತು, ತುಂಬಾ ವರ್ಷ ಇತ್ತು. ಈಗ ಎಷ್ಟು ಉಳಿದಿದೆಯೋ ಗೊತ್ತಿಲ್ಲ. ಆದರೆ ಸಿಗರೇಟ್ ಮನೆ ಬಿಟ್ಟು ಹೋಯ್ತಲ್ಲ ಅಪ್ಪಾ, ಆ ದುಡ್ಡಲ್ಲಿ ನನ್ನನ್ನು ಮತ್ತೆ ಹೊರಗೆ ಇಡಬೇಡಿ.

ಅದಿತಿಗೆ ಹೇಳಿ, ಗೋಡೆ ಕಡೆ ಜಾಗ ಅವಳಿಗೇ ಇರಲಿ. ನಾನು ಈ ಕಡೆ ಮಲಗ್ತೀನಿ.