ಹತ್ತೊಂಬತ್ತನೇ ವಾರ

14-11-1999, ಭಾನುವಾರ, ಸಂಜೆ

ನಾಳೆಯ ಇಡ್ಲಿಗೆ ಹಿಟ್ಟು ರುಬ್ಬಿ ಆಯಿತು. ರುಬ್ಬುತ್ತಿರುವಾಗ ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು, "ನಾನೇನಾದ್ರೂ ಮಾಡ್ಲಾ?" ಅಂದರು. "ಬೇಡಿ ಅತ್ತೆ, ಮಂಡಿನೋವು ನಿಮಗೆ, ಕೂತ್ಕೊಳ್ಳಿ" ಅಂದೆ. ದಿನಾ ಇದೇ ಮಾತು, ಇದೇ ಉತ್ತರ. ಹೋಗಿ ಹಜಾರದಲ್ಲಿ ಕೂತರು.

ಈಗ ಸುದ್ದಿ. ಇವತ್ತು ಒಂದು ದ್ವೀಪ ಕೊಂಡೆ.

ಪೂರ್ತಿ ಅಲ್ಲ. ಅಂಡಮಾನಿನ ಕಡೆ ಒಂದು ಪುಟ್ಟ ದ್ವೀಪ, ಅದರಲ್ಲೊಂದು ರೆಸಾರ್ಟ್, ಅದರಲ್ಲೊಂದು ಕಾಟೇಜ್. ಆ ಕಾಟೇಜ್ ವರ್ಷಕ್ಕೆ ಒಂದು ವಾರ ನಮ್ಮದು, ಇಪ್ಪತ್ತೈದು ವರ್ಷ. ಟೈಮ್ ಶೇರ್ ಅಂತ ಹೆಸರು.

ದೀಪಾವಳಿಗೆ ಗಾಂಧಿ ಬಜಾರಿನ ಸೀರೆ ಅಂಗಡಿಯಲ್ಲಿ ಕೂಪನ್ ತುಂಬಿದ್ದೆ. ಮೊನ್ನೆ ಫೋನು — ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬಂದರೆ ಮಾತ್ರ ಕೊಡುತ್ತೇವೆ. ಎಂ.ಜಿ. ರೋಡಿನ ಹೋಟೆಲು. ಇವರು "ಟೋಪಿ ಹಾಕ್ತಾರೆ" ಅಂದರು. ಅಂದರೂ ಇಸ್ತ್ರಿ ಶರಟು ಹಾಕಿಕೊಂಡೇ ಬಂದರು. ಅಲ್ಲಿ ಟೈ ಕಟ್ಟಿದ ಅನಿಲ್ ಕುಮಾರ್ ಅನ್ನುವವರು ಪೇಸ್ಟ್ರಿ ಕೊಟ್ಟು, ಕ್ಯಾಲ್ಕುಲೇಟರ್ ಹಿಡಿದು ಎದುರಿಗೆ ಕೂತರು.

"ಚಕ್ರಪಾಣಿ ಸರ್, ಲಾಸ್ಟ್ ಫೈವ್ ಇಯರ್ಸಲ್ಲಿ ಎಲ್ಲೆಲ್ಲಿ ಹಾಲಿಡೇಗೆ ಹೋಗಿದೀರಾ?"

"ಧರ್ಮಸ್ಥಳ."

"ಯಾವ ಹೋಟ್ಲು ಸರ್?"

"ಛತ್ರ."

"ಅದಕ್ಕೆ ಮುಂಚೆ?"

"ತಿರುಪತಿ. ಅಲ್ಲೂ ಛತ್ರ."

ಪಾಪ, ಕ್ಯಾಲ್ಕುಲೇಟರಿಗೆ ಕೆಲಸವೇ ಸಿಗಲಿಲ್ಲ. ಇವರು ಎರಡನೇ ಪೇಸ್ಟ್ರಿ ತೆಗೆದುಕೊಂಡರು. ಆಗ ಅವರು ನನ್ನ ಕಡೆ ತಿರುಗಿದರು. "ಮೇಡಂ, ಹಾಲಿಡೇ ಅಂದ್ರೆ ನಿಮಗೇನು?"

ಈ ಪ್ರಶ್ನೆಯನ್ನು ಐವತ್ತು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ — "ಏಳು ದಿನ ಒಲೆ ಹಚ್ಚದೇ ಇರೋದು."

ಇವರು ಪೇಸ್ಟ್ರಿ ಕೆಳಗಿಟ್ಟು ನನ್ನನ್ನು ನೋಡಿದರು. ಅನಿಲ್ ಕುಮಾರ್ ಆ ಮಾತನ್ನು ಬರೆದುಕೊಂಡು ಅಡಿಗೆರೆ ಎಳೆದರು. ಆಮೇಲೆ ಹುರುಪಿನಲ್ಲಿ, "ಕಾಟೇಜಲ್ಲಿ ಫುಲ್ ಕಿಚನ್ ಇದೆ ಮೇಡಂ! ಗ್ಯಾಸು, ಪಾತ್ರೆ, ಎಲ್ಲಾ!" ಅಂದರು. ನನ್ನ ಮುಖ ನೋಡಿ, "ಹಚ್ಚಲೇಬೇಕು ಅಂತೇನಿಲ್ಲ" ಅಂತ ಸೇರಿಸಿದರು.

ಮಾವ ಹೋದ ಮೇಲೆ ಅಡುಗೆಮನೆ ಪೂರ್ತಿ ನನ್ನ ತಲೆಗೇ. ಹನ್ನೊಂದು ವರ್ಷ, ದಿನಕ್ಕೆ ಎರಡು ಸಲ... ಎಂಟು ಸಾವಿರ ಸಲ ಒಲೆ ಹಚ್ಚಿದ್ದೇನೆ. ನಡುವೆ ಸ್ಕೂಲು, ಒಂಬತ್ತನೇ ಕ್ಲಾಸಿನ ಬೀಜಗಣಿತ. ಏಳು ದಿನ ಕೇಳಿದರೆ ಅತಿಯಾಯಿತೇ?

ಆರಿಸಿಕೊಂಡದ್ದು ಹತ್ತೊಂಬತ್ತನೇ ವಾರ. ಮೇ 12ರಿಂದ 19. ಬೇಸಿಗೆ ರಜ. ಇದ್ದದ್ದು ಒಂದೇ ಅನುಮಾನ, ಮಾವನ ತಿಥಿ. ವೈಶಾಖ ಶುದ್ಧ ದಶಮಿ. ಈ ವರ್ಷ ಏಪ್ರಿಲ್ 25ಕ್ಕೆ ಬಂದಿತ್ತು. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಂದರೆ ಮುಂದಿನ ಸಲ ಏಪ್ರಿಲ್ 14ರ ಹತ್ತಿರ. ಏನೂ ತೊಂದರೆಯಿಲ್ಲ. ಅಲ್ಲೇ ಪೇಪರ್ ನ್ಯಾಪ್ಕಿನ್ ಮೇಲೆ ಲೆಕ್ಕ ಹಾಕಿ ಇವರಿಗೆ ತೋರಿಸಿದೆ. "ನೀನು ಲೆಕ್ಕದ ಮೇಡಂ, ನಾನೇನು ಹೇಳ್ಲಿ" ಅಂದರು. ನನ್ನ ಅರಿಯರ್ಸ್ ಬಂದದ್ದು ಬ್ಯಾಂಕಿನಲ್ಲಿತ್ತು. ಸಹಿ ಹಾಕಿದೆ.

ಬಹುಮಾನ — ಹಾಟ್ ಬಾಕ್ಸ್. ಅದೂ ಅಡುಗೆ ಸಾಮಾನೇ.

ಅತ್ತೆಯನ್ನು ಆ ವಾರ ಮಲ್ಲೇಶ್ವರದ ನಾದಿನಿ ಮನೆಯಲ್ಲಿ ಬಿಡುವುದು ಅಂತ ಮಾತಾಯಿತು. ಅತ್ತೆ "ಹೂಂ" ಅಂದರು, ಅಷ್ಟೆ.

29-12-1999, ಬುಧವಾರ

ಇವರು ಹೊಸ ಕ್ಯಾಲೆಂಡರ್ ತಂದರು. ಪ್ರಪಂಚದ ಕಂಪ್ಯೂಟರೆಲ್ಲ ಒಂದನೇ ತಾರೀಕು ಕೆಡುತ್ತವಂತೆ. ಕೆಡಲಿ. ನನ್ನದು ಇವತ್ತೇ ಕೆಟ್ಟಿತು.

ವೈಶಾಖ ಶುದ್ಧ ದಶಮಿ — ಮೇ 13, ಶನಿವಾರ.

ಕ್ಯಾಲೆಂಡರಿನಲ್ಲಿ ತಪ್ಪು ಅಚ್ಚಾಗಿದೆ ಅಂತ ಪಕ್ಕದ ಮನೆಯ ಕ್ಯಾಲೆಂಡರನ್ನೂ ನೋಡಿ ಬಂದೆ. ಅಲ್ಲೂ ಅದೇ. ಆಮೇಲೆ ಹೊಳೆಯಿತು. ಈ ವರ್ಷ ಅಧಿಕ ಜ್ಯೇಷ್ಠ ಬಂದಿತ್ತು. ಅಧಿಕ ಮಾಸ ಬಂದರೆ ತಿಥಿ ಹಿಂದೆ ಸರಿಯುವುದಿಲ್ಲ, ಹದಿನೆಂಟು ದಿನ ಮುಂದಕ್ಕೆ ಜಿಗಿಯುತ್ತದೆ. ಆ ತಿಂಗಳು ಪೂರ್ತಿ ಮೂವತ್ತು ದಿನ ಅತ್ತೆಗೆ ಅಧಿಕ ಮಾಸದ ಪೂಜೆಗೆ ಹೂ ಕಟ್ಟಿ ಕೊಟ್ಟವಳು ನಾನೇ! ಮೂವತ್ತು ದಿನವನ್ನು ನುಂಗಿ ನೀರು ಕುಡಿದಿದ್ದೇನೆ. ಒಂಬತ್ತನೇ ಕ್ಲಾಸಿನವರು ಇಂಥ ತಪ್ಪು ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

ಅನಿಲ್ ಕುಮಾರ್‌ಗೆ ಫೋನ್ ಮಾಡಿದೆ. "ಫಸ್ಟ್ ಇಯರ್ ವಾರ ಚೇಂಜ್ ಆಗಲ್ಲ ಮೇಡಂ. ಹೋಗಿಲ್ಲಾಂದ್ರೆ ಲ್ಯಾಪ್ಸ್."

ಇವರಿಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

20-1-2000, ಗುರುವಾರ

ಪುರೋಹಿತರು ನಂಜುಂಡಯ್ಯನವರು ಬಂದಿದ್ದರು. ನಾನು ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅತ್ತೆಗೂ ಒಂದು ಹಿಡಿ ಕೊಟ್ಟಿದ್ದೆ, ಸುಮ್ಮನೆ ಕೈಗೆ ಕೆಲಸ ಅಂತ.

ಇವರು ಸಂಕೋಚದಿಂದ ವಿಷಯ ತೆಗೆದರು. ತಿಥಿ ಬಿಡುವಂತಿಲ್ಲ, ವಾರ ಬಿಟ್ಟರೆ ಶೈಲಾಗೆ, ಅಂದರೆ ನನಗೆ, ಬೇಜಾರು. ದ್ವೀಪದಲ್ಲೇ ಮಾಡಬಹುದೇ? ಸಮುದ್ರ ದಾಟಿದ ದೋಷ ಬರುತ್ತದೆಯೇ?

ನಂಜುಂಡಯ್ಯನವರು ಎಲೆಯಡಿಕೆ ಮಡಚುತ್ತಾ, "ಅದೂ ಭರತಖಂಡಾನೇ ಅಲ್ವೇ? ಪಾಸ್‌ಪೋರ್ಟ್ ಕೇಳ್ತಾರಾ?" ಅಂದರು.

"ಇಲ್ಲ."

"ಮತ್ತೇನು? ಆದ್ರೆ ಮಾಡಿಸೋರು ಬೇಕಲ್ಲ ಅಲ್ಲಿ."

ಅಷ್ಟರಲ್ಲಿ ಅತ್ತೆ ಬಾಯಿ ಬಿಟ್ಟರು. "ಬಾಳೆ ಎಲೆ ಸಿಗತ್ತಾ ಅಲ್ಲಿ?"

"ಸಿಗತ್ತಮ್ಮ."

"ತೆಂಗಿನಕಾಯಿ?"

"ಅಲ್ಲಿರೋದೇ ಅದು."

"ಅಡುಗೆಮನೆ ಇದೆಯಾ?"

ಇವರು ಖುಷಿಯಿಂದ, "ಫುಲ್ ಕಿಚನ್! ನಾಲ್ಕು ಜನ ಮಲಗಬಹುದು" ಅಂದುಬಿಟ್ಟರು.

ನಾಲ್ಕು. ಅತ್ತೆ, ಇವರು, ನಾನು... ನಂಜುಂಡಯ್ಯನವರು ಎಲೆಯಡಿಕೆ ಕೆಳಗಿಟ್ಟು ಮೆಲ್ಲಗೆ ಕೇಳಿದರು — "ನಾನು ವಿಮಾನ ಹತ್ತೇ ಇಲ್ಲ ಶೈಲಜಮ್ಮ. ಕಿಟಕಿ ಪಕ್ಕ ಸಿಗತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಮುದ್ರ ದಾಟಿ ಹೋಗಿ, ನಸುಕಿನಲ್ಲೆದ್ದು ತಣ್ಣೀರು ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ವಡೆ ಕರಿಯಬೇಕು. ಅದಕ್ಕೆ ಕೊಂಡೆನೇ ದ್ವೀಪ?

11-3-2000, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಲ್ಲಿ ಬರೆದರೆ ಅಕ್ಷರ ಕೆಡುತ್ತದೆ.

ಇವತ್ತು ಇವರೇ ಕಾಫಿ ಮಾಡಿ ತಂದುಕೊಟ್ಟರು. ಡಿಕಾಕ್ಷನ್ನಿಗಿಂತ ನೀರೇ ಜಾಸ್ತಿ. "ಏನು ವಿಷ್ಯ?" ಅಂದೆ.

"ನೀನು ಆ ಹೋಟ್ಲಲ್ಲಿ ಹೇಳಿದ್ಯಲ್ಲ, ಒಲೆ ಹಚ್ಚಬಾರದು ಅಂತ. ನಾನು ಮರೆತಿಲ್ಲ. ತಿಥಿ ಒಂದು ದಿನ ಹೇಗೋ ಆಗ್ಲಿ ಶೈಲಾ. ಉಳಿದ ಆರು ದಿನ ರೆಸಾರ್ಟ್ ಊಟಾನೇ. ಅಮ್ಮನಿಗೂ ಹೇಳಿದೀನಿ."

"ಅತ್ತೆ ಹೊರಗಿನ ಊಟ ಮುಟ್ತಾರಾ?"

ಸಕ್ಕರೆ ಸಾಕಾ ಅಂತ ಕೇಳಿದರು. ಆದರೂ ಮರೆತಿಲ್ಲ ಅಂದರಲ್ಲ. ನೀರು ಕಾಫಿಯನ್ನು ಪೂರ್ತಿ ಕುಡಿದೆ.

9-5-2000, ಮಂಗಳವಾರ

ಕಟ್ಟಿಟ್ಟದ್ದು — ಹಿತ್ತಾಳೆ ಪಾತ್ರೆ, ಸೌಟು, ಕರಿ ಎಳ್ಳು, ದರ್ಭೆ, ತುಪ್ಪ, ಉದ್ದಿನಬೇಳೆ, ಬೆಲ್ಲ, ಸಣ್ಣಕ್ಕಿ, ಮಡಿ ಸೀರೆ. ನಾಲ್ಕು ಚೀಲ. ನನ್ನ ಬಟ್ಟೆಗೆ ಉಳಿದದ್ದು ಅರ್ಧ ಚೀಲ. ಅತ್ತೆ ಪಟ್ಟಿ ಹಿಡಿದು ಒಂದೊಂದನ್ನೂ ಮುಟ್ಟಿ ನೋಡಿದರು. ಮೂರು ಸಲ ಎದ್ದರು, ಮೂರು ಸಲ ಕೂತರು. ಮಂಡಿ ನೋವು ಎಲ್ಲಿ ಹೋಯಿತೋ.

12-5-2000, ಶುಕ್ರವಾರ, ದ್ವೀಪ

ರಾತ್ರಿ ರೈಲು, ಮದ್ರಾಸಿನಿಂದ ವಿಮಾನ, ಆಮೇಲೆ ದೋಣಿ. ನಂಜುಂಡಯ್ಯನವರಿಗೆ ಕಿಟಕಿ ಪಕ್ಕವೇ ಸಿಕ್ಕಿತು. ಇಳಿಯುವವರೆಗೂ ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು.

ರೆಸಾರ್ಟಿನವರು ಎಳನೀರಿಗೆ ದಾಸವಾಳ ಸಿಕ್ಕಿಸಿ ಕೊಟ್ಟರು. ನಂಜುಂಡಯ್ಯನವರು ನಾಲ್ಕೂ ದಾಸವಾಳ ಕೇಳಿ ಪಡೆದುಕೊಂಡರು, ಬೆಳಗಿನ ಪೂಜೆಗೆ.

ಸಮುದ್ರ ಕಾಟೇಜಿನಿಂದ ಇಪ್ಪತ್ತು ಹೆಜ್ಜೆ. ಇಂಥ ಬಣ್ಣ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅತ್ತೆ ಬಹಳ ಹೊತ್ತು ನಿಂತು ನೋಡಿ, "ಇಷ್ಟೊಂದು ನೀರು, ಒಂದು ಲೋಟ ಕುಡಿಯಕ್ಕಾಗಲ್ಲ" ಅಂದರು. ನೇರ ಒಳಗೆ ಹೋಗಿ ಅಡುಗೆಮನೆ ತೊಳೆಸಲು ನಿಂತರು.

ಅಲಾರಂ ನಾಲ್ಕೂವರೆಗೆ. ಸಮುದ್ರಕ್ಕೆ ಇನ್ನೂ ಕಾಲು ಇಟ್ಟಿಲ್ಲ. ನಾಳೆ ಕಳೆಯಲಿ.

13-5-2000, ಶನಿವಾರ, ಬೆಳಿಗ್ಗೆ 9 — ಮರಳಿನ ಮೇಲೆ

ಹೌದು, ಮರಳಿನ ಮೇಲೆ. ಬರೆಯಲೇಬೇಕು.

ನಾಲ್ಕೂವರೆಗೆ ಎದ್ದರೆ ಅಡುಗೆಮನೆಯಲ್ಲಿ ದೀಪ. ಅತ್ತೆ ಮಡಿಯುಟ್ಟು ನಿಂತಿದ್ದಾರೆ. ಉದ್ದು ನೆನೆದಿದೆ, ಬಾಳೆಕಾಯಿ ಹೆಚ್ಚಿ ಆಗಿದೆ. ಒಲೆ ಉರಿಯುತ್ತಿದೆ. ನಾನು ಹಚ್ಚಿದ್ದಲ್ಲ.

"ಸರ್ಕೊಳ್ಳಿ ಅತ್ತೆ, ನಾನು ಸ್ನಾನ ಮಾಡಿ ಬಂದ್ಬಿಡ್ತೀನಿ. ನೀವು ಕೂತ್ಕೊಳ್ಳಿ, ಮಂಡಿ —"

"ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಹನ್ನೊಂದು ವರ್ಷ ಕೂರಿಸಿಬಿಟ್ಟೆ ನನ್ನ." ಸೌಟು ಕೆಳಗಿಡಲಿಲ್ಲ. ಕೋಪದ ದನಿಯೂ ಅಲ್ಲ. "ಕೂತು ಕೂತೇ ಮಂಡಿ ಹಿಡ್ಕೊಂಡಿದ್ದು ಕಣೇ. ಅವರ ತಿಥಿ ದಿನಾನೂ ಹಜಾರದಲ್ಲಿ ಕೂತು ವಾಸನೆ ನೋಡ್ತಿದ್ದೆ. ಅವರಿಗೆ ವಡೆಗೆ ಮೆಣಸು ದಪ್ಪಕ್ಕೆ ಕುಟ್ಟಿ ಹಾಕ್ಬೇಕು. ನೀನು ನುಣ್ಣಗೆ ಪುಡಿ ಮಾಡ್ತೀಯ."

"ಹೇಳಬಾರದಿತ್ತಾ ಅತ್ತೆ?"

"ಹೆಂಗೆ ಹೇಳೋದು? ಅಷ್ಟು ಚೆನ್ನಾಗಿ ನೋಡ್ಕೋತೀಯ. ಮನೇಲಿದ್ರೆ ಅದು ನಿನ್ನ ಅಡುಗೆಮನೆ. ಇದು ಯಾರದೂ ಅಲ್ಲ, ಅದಕ್ಕೇ ಬಂದೆ. ಹೋಗು, ದುಡ್ಡು ಕೊಟ್ಟು ತಗೊಂಡಿದೀಯಲ್ಲ ಆ ಸಮುದ್ರ, ಹೋಗಿ ನೋಡು."

ನಂಜುಂಡಯ್ಯನವರು ಮೂಲೆಯಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ನನ್ನತ್ತ ನೋಡಿ, ಹೋಗಿ ಅಂತ ತಲೆಯಲ್ಲೇ ಸನ್ನೆ ಮಾಡಿದರು.

ಬಂದೆ. ನೀರಿನಲ್ಲಿ ಮೊಣಕಾಲವರೆಗೆ ನಿಂತೆ. ಅಳು ಬಂತು. ನಾನು ಉಪಕಾರ ಅಂತ ತಿಳಿದು ಮಾಡಿದ್ದು. ಅತ್ತೆಗೆ ಅದು ಮನೆಯಿಂದ ಹೊರಗಿಟ್ಟ ಹಾಗೆ ಆಗಿತ್ತು. ಎಂಟು ಸಾವಿರ ಸಲ ನಾನು ಹಚ್ಚಿದೆ ಅಂತ ಲೆಕ್ಕ ಇಟ್ಟೆನಲ್ಲ, ಅಷ್ಟೇ ಸಲ ಅವರು ಬಾಗಿಲಿಗೆ ಬಂದು ಹಿಂದಿರುಗಿದ್ದರು. ಆ ಲೆಕ್ಕ ಇಡಲಿಲ್ಲ.

ನಾಚಿಕೆಯಾಗುತ್ತಿದೆ. ಅದರ ಜೊತೆಗೇ... ಬರೆದುಬಿಡುತ್ತೇನೆ, ಯಾರು ಓದುತ್ತಾರೆ — ತುಂಬ ಸುಖವಾಗಿಯೂ ಇದೆ. ಒಂಬತ್ತು ಗಂಟೆ, ಕೈ ಖಾಲಿ, ಕಾಲ ಮೇಲೆ ಮರಳು.

ಅದೇ ದಿನ, ಸಂಜೆ

ಸಂಕಲ್ಪದಲ್ಲಿ "ಗೋದಾವರ್ಯಾಃ ದಕ್ಷಿಣೇ ತೀರೇ" ಅನ್ನುವ ಕಡೆ ನಂಜುಂಡಯ್ಯನವರು ತಡೆದು ನಿಂತರು. ಕಿಟಕಿಯ ಆಚೆ ನೋಡಿ "ಸಮುದ್ರಮಧ್ಯೇ" ಅಂದು ಮುಂದುವರಿಸಿದರು. ಊಟಕ್ಕೆ ಕೂರಬೇಕಾದ ಎರಡನೇ ಬ್ರಾಹ್ಮಣರ ಜಾಗದಲ್ಲಿ ದರ್ಭೆ ಇಟ್ಟು ನಡೆಸಿದರು. ಪಿಂಡ ಸಮುದ್ರಕ್ಕೆ.

ಆಮೇಲೆ ಅತ್ತೆ ನನಗೆ ಎಲೆ ಹಾಕಿ ಬಡಿಸಿದರು. ವಡೆಯಲ್ಲಿ ಮೆಣಸು ದಪ್ಪ. ಇವರು ಒಂದು ತುಂಡು ಬಾಯಿಗಿಟ್ಟು, "ಅಪ್ಪ ಇದ್ದಾಗಿನ ವಡೆ" ಅಂದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಾಲ್ಕು ವಡೆ ತಿಂದೆ.

17-5-2000, ಬುಧವಾರ

ರೆಸಾರ್ಟಿನ ಊಟ ಅತ್ತೆ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೇ ಬರಲಿಲ್ಲ. ನಿನ್ನೆ ಮಜ್ಜಿಗೆ ಹುಳಿ, ಇವತ್ತು ಬಿಸಿಬೇಳೆ ಬಾತು. ಪಕ್ಕದ ಕಾಟೇಜಿನ ಗುಜರಾತಿಯವರು ವಾಸನೆ ಹಿಡಿದು ಬಂದು ಎರಡು ಸಲ ಹಾಕಿಸಿಕೊಂಡರು. ನಂಜುಂಡಯ್ಯನವರು ಪಂಚೆ ಎತ್ತಿಕಟ್ಟಿ ಕಪ್ಪೆಚಿಪ್ಪು ಆರಿಸುತ್ತಾರೆ. ಇವರು ಈಜು ಕಲಿಯುತ್ತೇನೆ ಅಂತ ಹೋಗಿ ಕಿವಿಗೆ ನೀರು ತುಂಬಿಕೊಂಡು ಬಂದಿದ್ದಾರೆ.

ನಾನು ಒಲೆ ಹಚ್ಚಿದ್ದು — ಸೊನ್ನೆ.

ಮುಂದಿನ ವರ್ಷ ತಿಥಿ ಎಷ್ಟನೇ ತಾರೀಕು ಅಂತ ಅತ್ತೆ ಕೇಳಿದರು. ಕ್ಯಾಲೆಂಡರ್ ಬರಲಿ ಅಂದೆ. ಇನ್ನು ನಾನು ಲೆಕ್ಕ ಹಾಕುವುದಿಲ್ಲ.

22-5-2000, ಸೋಮವಾರ, ಬೆಳಿಗ್ಗೆ 6.10 — ಮನೆ

ಮೊನ್ನೆ ಬಂದೆವು. ದಾರಿಯುದ್ದಕ್ಕೂ ಒಂದೇ ಯೋಚನೆ, ಮನೆಗೆ ಬಂದ ಮೇಲೆ ಅತ್ತೆ ಮತ್ತೆ ಹಜಾರಕ್ಕೇ ಹೋಗಿ ಕೂತರೆ? ನಿನ್ನೆ ಹಾಗೇ ಕೂತರು. ನಾನೂ ಅಭ್ಯಾಸಬಲದಿಂದ ಒಲೆ ಹಚ್ಚಿದೆ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಇವತ್ತು ಎಚ್ಚರವಾದರೂ ಬೇಕೆಂದೇ ಏಳಲಿಲ್ಲ. ಐದೂವರೆ ಆಯಿತು. ಮುಕ್ಕಾಲು ಆಯಿತು. ಹಜಾರದಲ್ಲಿ ಕುರ್ಚಿ ಸರಿದ ಸದ್ದು. ಹೆಜ್ಜೆ ಅಡುಗೆಮನೆ ಬಾಗಿಲವರೆಗೆ ಬಂದು ನಿಂತಿತು, ಬಹಳ ಹೊತ್ತು. ಆಮೇಲೆ ಬೆಂಕಿಕಡ್ಡಿ ಗೀರಿದ ಶಬ್ದ.

ಈಗ ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಕಾಫಿ, ಗಟ್ಟಿ ಡಿಕಾಕ್ಷನ್ನಿನದು. ಉಪ್ಪಿಟ್ಟಿಗೆ ಒಗ್ಗರಣೆ ಚಟಪಟ ಅನ್ನುತ್ತಿದೆ. "ಶೈಲಾ, ಇಂಗು ಎಲ್ಲಿಟ್ಟಿದೀಯೇ?" ಅಂತ ಕೂಗುತ್ತಿದ್ದಾರೆ. ಮೇಲಿನ ಶೆಲ್ಫಿನಲ್ಲಿ, ಎಡಗಡೆ, ಹಳೇ ಕಾಫಿಪುಡಿ ಡಬ್ಬದ ಹಿಂದೆ. ಅವರ ಕೈಗೆ ಎಟುಕುವುದಿಲ್ಲ. ಹನ್ನೊಂದು ವರ್ಷದ ಹಿಂದೆ ನಾನೇ ಅಲ್ಲಿಟ್ಟದ್ದು. ಇವತ್ತು ಎಲ್ಲವನ್ನೂ ಕೆಳಗಿನ ಶೆಲ್ಫಿಗೆ ಇಳಿಸಿಬಿಡಬೇಕು, ಮೊದಲು ಇಂಗು, ಆಮೇಲೆ —